ಮರದ ಗಂಟು, ಸಾಮಿಗಳ ಕಾಫಿ ಬಟ್ಟಲು

ಕಳೆದ ಜೂನ್ ಗಾಳಿಗೆ ನಮ್ಮ ತೋಟದ ಮೇಲ್ಗಡೆ ಇದ್ದ ಹಳೇ ಹಲಸಿನ ಮರ ಬಿತ್ತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗರಗಸದವರನ್ನ ಕರೆಸಿ ಮನೆ ಕೆಲಸಕ್ಕೆ ಅಂತ ಹಲಗೆ ಕೊಯ್ಸಿದೆ. ಕಾಂಡದಲ್ಲಿ ಬುಡದಿಂದ ಆಳೆತ್ತರಕ್ಕೆ ಕುಂಬಳಕಾಯಿ ಗಾತ್ರದ ಒಂದು ಗಂಟು ಇತ್ತು. ಅಷ್ಟನ್ನ ಬೇರೆ ಮಾಡಿ ಪಕ್ಕಕ್ಕೆ ಉರುಳಿಸಿ, "ಇದು ಒಲೆಗೆ ಗೌಡ್ರೇ, ಹಲಗೆಗೆ ಬರಲ್ಲ" ಅಂದ್ರು. ನಾನೂ ಸರಿ ಅಂದೆ. ಸೌದೆ ಒಡೆಯೋ ಹುಡುಗ ಎರಡು ದಿನ ಕೊಡಲಿ ಹಾಕಿ ನೋಡಿದ. ಸೀಳಲಿಲ್ಲ. ಸೌದೆ ಕೊಟ್ಟಿಗೆ ಮೂಲೆಗೆ ಎಸೆದು ಸುಮ್ಮನಾದ.

ಅದೇ ಹೊತ್ತಿಗೆ ಸ್ವೀಡನ್‌ನಲ್ಲಿ ಕೆಲಸದಲ್ಲಿರೋ ನಮ್ಮಕ್ಕನ ಮಗ ರಜೆಗೆ ಬಂದಿದ್ದ. ಬರುವಾಗ ನನಗೊಂದು ಮರದ ಬಟ್ಟಲು ತಂದಿದ್ದ. ಅಂಗೈ ತುಂಬುವಷ್ಟು ಗಾತ್ರ, ಒಂದು ಕಡೆ ಬೆರಳು ತೂರಿಸೋಕೆ ತೂತಿರೋ ಹಿಡಿ. "ಮಾವ, ಇದರಲ್ಲಿ ಕಾಫಿ ಕುಡೀರಿ. ಉತ್ತರದ ಕಡೆ ಹಿಮಸಾರಂಗ ಸಾಕೋರು ಇಂಥದ್ರಲ್ಲೇ ಕುಡಿಯೋದು" ಅಂದ. ಒಂದು ವಾರ ಖುಷಿಯಾಗಿ ಕುಡಿದೆ. ಆಮೇಲೆ ಒಂದು ದಿನ ಪಾತ್ರೆ ಸೋಪು ಹಾಕಿ ಚೆನ್ನಾಗಿ ಉಜ್ಜಿ, ಕಾಫಿ ಕಣದ ಬಿಸಿಲಿಗೆ ಬೋರಲು ಇಟ್ಟೆ. ಸಂಜೆ ನೋಡಿದ್ರೆ ಅಂಚಿನಿಂದ ತಳದವರೆಗೆ ಉದ್ದಕ್ಕೂ ಸೀಳು.

ಫೋನ್ ಮಾಡಿ ಹೇಳಿದ್ದಕ್ಕೆ ಅವನು ನಕ್ಕ. "ಅದು ವಿಮಾನ ನಿಲ್ದಾಣದ ಅಂಗಡೀಲಿ ತಗೊಂಡಿದ್ದು ಮಾವ, ಮಾಮೂಲಿ ಮರದ್ದು. ಅಸಲಿ ಬಟ್ಟಲನ್ನ ಮರದ ಗಂಟಿನಿಂದಲೇ ಕೆತ್ತಬೇಕಂತೆ. ಅದು ಹಿಂಗೆ ಸೀಳಲ್ವಂತೆ." ಗಂಟು ಅಂದ ತಕ್ಷಣ ಸೌದೆ ಕೊಟ್ಟಿಗೆ ನೆನಪಾಯ್ತು. ಹೋಗಿ ನೋಡಿದೆ, ನಮ್ಮ ಗಂಟು ಅಲ್ಲೇ ಇತ್ತು. ಆ ಮಳೆಗಾಲ ಪೂರ್ತಿ ಈ ಬಟ್ಟಲಿನ ವಿಚಾರ ಸಿಕ್ಕಷ್ಟನ್ನ ಓದಿದೆ. ಬಟ್ಟಲಿನ ಕಥೆ ಅಂತ ಶುರು ಮಾಡಿದ್ದು ಕೊನೆಗೆ ಕಾಡು, ಗಡಿ, ಕೋರ್ಟು ಅಂತ ಎಲ್ಲೆಲ್ಲಿಗೋ ಕರ್ಕೊಂಡು ಹೋಯ್ತು. ಬರಹ ಉದ್ದ ಇದೆ, ಕಾಫಿ ಇಟ್ಕೊಂಡೇ ಓದಿ.

ಯಾರು ಈ ಸಾಮಿಗಳು

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗ, ರಷ್ಯಾದ ಕೋಲಾ ಪರ್ಯಾಯ ದ್ವೀಪ, ಈ ನಾಲ್ಕೂ ಸೇರಿದ ನಾಡನ್ನ ಅಲ್ಲಿನ ಮೂಲ ಜನ ಸಾಪ್ಮಿ ಅಂತಾರೆ. ಆ ಜನವೇ ಸಾಮಿಗಳು. ಒಟ್ಟು 80 ಸಾವಿರದಿಂದ 1 ಲಕ್ಷ ಇರಬಹುದು ಅನ್ನೋದು ಸಾಮಾನ್ಯ ಅಂದಾಜು. ಬೇಟೆ, ಮೀನು, ಆಮೇಲೆ ಹಿಮಸಾರಂಗ ಸಾಕಣೆ ಇವರ ಬದುಕು. ಹಿಂಡು ಚಳಿಗಾಲಕ್ಕೆ ಕಾಡಿನ ಕಡೆ, ಬೇಸಿಗೆಗೆ ಬೆಟ್ಟ ಅಥವಾ ಕಡಲತೀರದ ಕಡೆ ಹೋಗುತ್ತೆ. ಹಿಂಡಿನ ಹಿಂದೆ ಸಂಸಾರವೂ ಹೋಗ್ತಿತ್ತು. ಅಂಥ ಬದುಕಿನಲ್ಲಿ ಮಣ್ಣಿನ ಪಾತ್ರೆ ಹೊತ್ತು ತಿರುಗೋಕಾಗಲ್ಲ, ಒಡೆಯುತ್ತೆ. ಲೋಹದ ಲೋಟವಾದ್ರೆ ಬಿಸಿ ಹಾಕಿದ್ರೆ ತುಟಿ ಸುಡುತ್ತೆ, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಬರಿ ಕೈಯಲ್ಲಿ ಮುಟ್ಟೋಕಾಗಲ್ಲ. ಮರದ್ದು ಹಗುರ, ಬಿದ್ದರೆ ಒಡೆಯಲ್ಲ, ಸೊಂಟದ ಪಟ್ಟಿಗೆ ನೇತುಹಾಕಿಕೊಂಡು ಹೋಗಬಹುದು. ಎಲ್ಲಿ ತೊರೆ ಸಿಕ್ತೋ ಅಲ್ಲೇ ಮೊಗೆದು ಕುಡಿಯಬಹುದು.

ಈ ಬಟ್ಟಲಿಗೆ ಉತ್ತರ ಸಾಮಿ ಭಾಷೆಯಲ್ಲಿ ಗುಕ್ಸಿ ಅಂತಾರೆ. ಫಿನ್ನಿಶ್‌ನಲ್ಲಿ ಕುಕ್ಸಾ, ಸ್ವೀಡಿಶ್‌ನಲ್ಲಿ ಕೋಸಾ. ಇದರ ದೊಡ್ಡಣ್ಣನ ಥರದ್ದು ಇನ್ನೊಂದಿದೆ, ನಾಹ್ಪಿ ಅಂತ. ಅದು ಹಿಮಸಾರಂಗದ ಹಾಲು ಕರೆಯೋ ಬಟ್ಟಲು. ಒಂದು ಸಾರಂಗ ಒಂದು ಸಲಕ್ಕೆ ಕೊಡೋ ಹಾಲು ಬಹಳ ಕಡಿಮೆ, ಆದರೆ ನಮ್ಮ ಹಸುವಿನ ಹಾಲಿಗಿಂತ ಹಲವು ಪಟ್ಟು ಗಟ್ಟಿ ಕೊಬ್ಬು ಇರುತ್ತೆ. ಅಂಥ ಹಾಲಿನ ಒಂದು ಹನಿಯನ್ನೂ ಅವರು ಚೆಲ್ಲೋ ಹಾಗಿರಲಿಲ್ಲ. ಒಂದು ಕೈಯಲ್ಲಿ ಬಟ್ಟಲು ಹಿಡಿದು ಇನ್ನೊಂದು ಕೈಯಲ್ಲಿ ಕರೆಯಬೇಕಾದ್ದರಿಂದ ಅದಕ್ಕೂ ಹಿಡಿ ಇರುತ್ತೆ.

ಗಂಟೇ ಯಾಕೆ

ಇವರು ಬಳಸೋದು ಬರ್ಚ್ ಮರ. ನಮಗೆ ಈ ಮರ ಹೊಸದು ಅನ್ನಿಸಬಹುದು, ಆದರೆ ಭೂರ್ಜಪತ್ರದ ಹೆಸರು ಕೇಳಿದ್ದೀವಲ್ಲ, ಹಿಂದೆ ಹಿಮಾಲಯದ ಕಡೆ ಗ್ರಂಥ ಬರೀತಿದ್ದ ತೊಗಟೆ, ಅದೇ ಜಾತಿಯ ಮರ. ಭೂರ್ಜ, ಬರ್ಚ್ ಎರಡೂ ಒಂದೇ ಮೂಲದ ಪದಗಳು. ಸಾಪ್ಮಿಯ ಬೆಟ್ಟದ ಮೇಲೆ ಪೈನ್, ಸ್ಪ್ರೂಸ್ ನಿಂತುಹೋದ ಮೇಲೂ ಕುಳ್ಳ ಬರ್ಚ್ ಬೆಳೆಯುತ್ತೆ. ಅದರಾಚೆಗೆ ಮರವೇ ಇಲ್ಲ.

ಮರ ಒಣಗೋದು ನಮಗೆಲ್ಲ ಗೊತ್ತಿರೋದೇ. ಉದ್ದಕ್ಕೆ ಬಹುತೇಕ ಕುಗ್ಗಲ್ಲ. ತಿರುಳಿನಿಂದ ತೊಗಟೆ ಕಡೆಗೆ ಸ್ವಲ್ಪ ಕುಗ್ಗುತ್ತೆ. ಉಂಗುರದ ಸುತ್ತ ಅದಕ್ಕಿಂತ ಜಾಸ್ತಿ, ಎಷ್ಟೋ ಮರಗಳಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕುಗ್ಗುತ್ತೆ. ಈ ಎಳೆದಾಟದಲ್ಲಿ ನೇರ ನಾರಿನ ಮರ ನಾರಿನ ಉದ್ದಕ್ಕೆ ಬಿಟ್ಟುಕೊಳ್ಳುತ್ತೆ. ನನ್ನ ಅಂಗಡಿ ಬಟ್ಟಲು ಸೀಳಿದ್ದು ಹೀಗೇ. ಗಂಟಿನಲ್ಲಿ ಹಾಗಲ್ಲ. ಅಲ್ಲಿ ನಾರು ಸುಳಿ ಸುತ್ತಿಕೊಂಡು, ಒಂದರೊಳಗೊಂದು ಹೆಣೆದುಕೊಂಡು ಇರುತ್ತೆ. ಸೀಳು ಹೊರಟರೂ ಹೋಗೋಕೆ ನೇರ ದಾರಿ ಸಿಗಲ್ಲ. ನಮ್ಮ ಹುಡುಗನ ಕೊಡಲಿಗೆ ಬಗ್ಗದೇ ಇದ್ದಿದ್ದೂ ಇದೇ ಕಾರಣಕ್ಕೆ.

ಫಿನ್ಲೆಂಡಿನವರು ಇದರಲ್ಲೇ ಎರಡು ಬಗೆ ಗುರುತಿಸ್ತಾರೆ. ಒಂದು ಪಾಹ್ಕಾ, ಅಂದರೆ ಕಾಂಡದ ಮೇಲೆ ಉಬ್ಬಿದ ಗಂಟು. ಪೆಟ್ಟು, ಶಿಲೀಂಧ್ರ, ಮಲಗಿದ್ದ ಮೊಗ್ಗುಗಳು ಒಟ್ಟಿಗೆ ಎದ್ದು ಬೆಳೆಯೋದು, ಹೀಗೆ ಗಂಟಿಗೆ ಬೇರೆ ಬೇರೆ ಕಾರಣ ಇರುತ್ತೆ. ಇನ್ನೊಂದು ವಿಸಕೊಯ್ವು, ಅಂದರೆ ಕಾಂಡದ ಮರವೇ ಚುಕ್ಕಿ ಚುಕ್ಕಿ ಸುಳಿಯಾಗಿರೋ ಬರ್ಚ್. ಇದು ವಂಶದಲ್ಲಿ ಬರೋ ಗುಣ. ಹಾಗಾಗಿ ಅಲ್ಲಿನ ರೈತರು ಸಸಿ ನೆಟ್ಟು ಬೆಳೀತಾರೆ. ಮರವನ್ನ ಅಳತೆ ಲೆಕ್ಕದಲ್ಲಿ ಅಲ್ಲ, ಕಿಲೋ ಲೆಕ್ಕದಲ್ಲಿ ಮಾರ್ತಾರೆ. ಮರ ನೆಡೋ ನಮ್ಮಂಥವರು ತಿಳ್ಕೊಂಡಿರಬೇಕಾದ ವಿಷಯ ಇದು.

ಕೆತ್ತೋ ಬಗೆ

ಕಾಡಲ್ಲಿ ಓಡಾಡುವಾಗಲೇ ಗಂಟು ನೋಡಿಟ್ಟುಕೊಳ್ತಾರೆ. ಹದ ಬಂದ ಮೇಲೆ ಗರಗಸದಿಂದ ಬೇರೆ ಮಾಡ್ತಾರೆ. ಗಂಟಿನ ಉಬ್ಬು ಬಟ್ಟಲಿನ ತಳ ಆಗುತ್ತೆ, ಮರಕ್ಕೆ ಅಂಟಿಕೊಂಡಿದ್ದ ಕಡೆ ಬಾಯಿ ಆಗುತ್ತೆ. ಹಿಡಿಗೆ ಒಂದು ಪಕ್ಕ ಹೆಚ್ಚಿಗೆ ಮರ ಬಿಟ್ಟಿರಬೇಕು. ಆಮೇಲೆ ಅಂಟಿಸೋ ಮಾತಿಲ್ಲ, ಬಟ್ಟಲು ಹಿಡಿ ಎಲ್ಲ ಒಂದೇ ತುಂಡು.

ಮೊದಲು ಕೊಡಲಿಯಿಂದ ಹೊರಗಿನ ಆಕಾರ ಒರಟಾಗಿ ಬಿಡಿಸ್ತಾರೆ. ಆಮೇಲೆ ಒಳಗೆ ತೋಡೋ ಕೆಲಸ. ಇದಕ್ಕೆ ಬಾಯಿ ಬಾಗಿರೋ ಉಳಿ ಬೇಕು, ಜೊತೆಗೆ ತುದಿ ಕೊಕ್ಕೆ ಥರ ಬಾಗಿರೋ ಚಾಕು. ನೇರ ಮರವಾದ್ರೆ ನಾರು ನೋಡ್ಕೊಂಡು ಒಂದು ದಿಕ್ಕಿಗೆ ಕೆತ್ತಬಹುದು. ಗಂಟಿನಲ್ಲಿ ಪ್ರತಿ ಅರ್ಧ ಅಂಗುಲಕ್ಕೆ ನಾರಿನ ದಿಕ್ಕು ಬದಲಾಗುತ್ತೆ. ಅವಸರ ಮಾಡಿದ್ರೆ ಚಕ್ಕೆ ಎದ್ದುಬಿಡುತ್ತೆ. ಅದಕ್ಕೇ ಹಸಿ ಇರುವಾಗಲೇ ತೋಡ್ತಾರೆ, ಒಣಗಿದ ಗಂಟು ಕಲ್ಲಿನ ಹಾಗೆ.

ಹಸಿಯಲ್ಲೇ ತೋಡೋಕೆ ಇನ್ನೂ ಒಂದು ಕಾರಣ ಇದೆ. ದಪ್ಪ ಮರ ಹೊರಗೆ ಮೊದಲು ಒಣಗಿ, ಒಳಗೆ ಹಸಿ ಉಳಿದು, ಹೊರಗಿನ ಪದರ ಬಿರಿಯುತ್ತೆ. ಎಲ್ಲ ಕಡೆ ಒಂದೇ ದಪ್ಪಕ್ಕೆ ತೆಳುವಾಗಿ ತೋಡಿಟ್ಟರೆ ಒಳಗೂ ಹೊರಗೂ ಒಟ್ಟಿಗೆ ಒಣಗುತ್ತೆ. ತಳ ದಪ್ಪ ಬಿಟ್ಟು ಅಂಚು ತೆಳು ಮಾಡಿದ್ರೆ ಗಂಟಾದ್ರೂ ಬಿರಿಯಬಹುದು. ಒರಟು ತೋಡಿದ ಬಟ್ಟಲನ್ನ ಹಲವರು ಉಪ್ಪು ನೀರಲ್ಲಿ ಕುದಿಸ್ತಾರೆ. ಮರದ ರಸ ಹೋಗುತ್ತೆ, ಉಪ್ಪು ತೇವ ಹಿಡಿದಿಟ್ಟುಕೊಂಡು ನಿಧಾನ ಒಣಗೋ ಹಾಗೆ ಮಾಡುತ್ತೆ. ಆಮೇಲೆ ಬಿಸಿಲು ಗಾಳಿ ತಾಗದ ತಂಪು ಜಾಗದಲ್ಲಿ ವಾರಗಟ್ಟಲೆ ಇಡ್ತಾರೆ. ಕೆಲವರು ಅದೇ ಮರದ ಹೊಟ್ಟಿನಲ್ಲಿ ಹೂತಿಡ್ತಾರೆ.

ಪೂರ್ತಿ ಒಣಗಿದ ಮೇಲೆ ಚಾಕುವಿನಿಂದ ಕೊನೆಯ ಕೆತ್ತನೆ, ಉಜ್ಜಿ ನಯ ಮಾಡೋದು, ಎಣ್ಣೆ ಸವರೋದು. ಹಿಡಿಯಲ್ಲಿ ಹಿಮಸಾರಂಗದ ಕೊಂಬಿನ ತುಂಡು ಕೂರಿಸಿ ಅದರ ಮೇಲೆ ಸಣ್ಣ ಗೆರೆಗಳ ಚಿತ್ತಾರ ಕೊರೆದು ಬಣ್ಣ ತುಂಬ್ತಾರೆ. ಆ ಚಿತ್ತಾರದಲ್ಲಿ ಉತ್ತರದವರ ಶೈಲಿ ಬೇರೆ, ದಕ್ಷಿಣದವರದ್ದು ಬೇರೆ, ಬಲ್ಲವರು ನೋಡಿದ ಕೂಡಲೇ ಯಾವ ಕಡೆಯದ್ದು ಅಂತ ಹೇಳ್ತಾರೆ. ಬಳಸೋಕೆ ಶುರು ಮಾಡಿದ ಮೇಲೆ ಸೋಪು ಹಾಕೋ ಹಾಗಿಲ್ಲ. ನೀರಲ್ಲಿ ಗಲಬರಿಸಿ ನೆರಳಲ್ಲಿ ಒಣಗಿಸಬೇಕು. ಕಾಫಿ ಕುಡಿದೂ ಕುಡಿದೂ ಒಳಗೆ ಕಪ್ಪಗಾಗುತ್ತೆ, ಆ ಕಪ್ಪೇ ಅದಕ್ಕೆ ರಕ್ಷಣೆ. ನಾನು ಮಾಡಿದ ಎರಡು ತಪ್ಪು, ಸೋಪು ಮತ್ತು ಬಿಸಿಲು, ಎರಡೂ ಈ ಪಟ್ಟಿಯಲ್ಲಿ ಮೊದಲೇ ಇವೆ.

ಸಂತೆ, ಪುಸ್ತಕ, ಕಾಫಿ

ಸ್ವೀಡನ್‌ನ ಉತ್ತರಕ್ಕೆ ಯೊಕ್‌ಮೊಕ್ ಅಂತ ಊರಿದೆ. ಅಲ್ಲಿ 1605ರಿಂದ ಚಳಿಗಾಲದ ಸಂತೆ ನಡೀತಾ ಬಂದಿದೆ. ಈಗಲೂ ಫೆಬ್ರವರಿ ಮೊದಲ ವಾರದಲ್ಲಿ ಸೇರುತ್ತೆ. ಸಂತೆ ಕಟ್ಟಿಸಿದ್ದು ರಾಜ 9ನೇ ಕಾರ್ಲ್. ವ್ಯಾಪಾರ ಒಂದು ಕಡೆ ಸೇರಿದ್ರೆ ತೆರಿಗೆ ಎತ್ತೋದು ಸುಲಭ, ಚರ್ಚಿಗೆ ಜನರನ್ನ ತರೋದೂ ಸುಲಭ. ಆ ಕಾಲದಲ್ಲಿ ಸಾಮಿಗಳು ತಾವು ಬಳಸೋ ನೆಲಕ್ಕೆ ರಾಜನಿಗೆ ತೆರಿಗೆ ಕಟ್ತಿದ್ರು. ಕಟ್ಟಿದ ನೆಲ ಅವರದ್ದೇ ಅಂತ ಕೋರ್ಟುಗಳೂ ನೋಡ್ತಿದ್ವು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರುತ್ತೆ.

1673ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯದ ಪ್ರೊಫೆಸರ್ ಯೊಹಾನ್ನೆಸ್ ಶೆಫೆರುಸ್ ಸಾಮಿಗಳ ಬಗ್ಗೆ 'ಲಾಪೋನಿಯಾ' ಅನ್ನೋ ದೊಡ್ಡ ಪುಸ್ತಕ ಪ್ರಕಟಿಸಿದ. ಅದರಲ್ಲಿ ಗಂಡಸರ ಕೈಕೆಲಸಕ್ಕೆ ಒಂದು ಅಧ್ಯಾಯ, ಹೆಂಗಸರ ಕೈಕೆಲಸಕ್ಕೆ ಒಂದು ಅಧ್ಯಾಯ ಇದೆ. ಮರ, ಕೊಂಬಿನ ಕೆಲಸ ಗಂಡಸರದ್ದು, ಚರ್ಮ, ನೂಲಿನ ಕೆಲಸ ಹೆಂಗಸರದ್ದು ಅನ್ನೋ ಪಾಲು ಆಗಲೇ ಇತ್ತು. ಈಗ ಅಷ್ಟು ಕಟ್ಟುನಿಟ್ಟಿಲ್ಲ. ಈ ಕೈಕೆಲಸಕ್ಕೆಲ್ಲ ಒಟ್ಟಾಗಿ ಅವರ ಮಾತಿನಲ್ಲಿ ದುವೋಜಿ ಅಂತಾರೆ.

ಇನ್ನು ಕಾಫಿ. ನಮ್ಮ ಬೆಳೆ, ಹಾಗಾಗಿ ಎರಡು ಮಾತು ಜಾಸ್ತಿ ಹೇಳ್ತೀನಿ. ಸ್ವೀಡನ್‌ನಲ್ಲಿ 1756ರಲ್ಲಿ ಕಾಫಿಯನ್ನೇ ನಿಷೇಧ ಮಾಡಿದ್ರು. ಆಮೇಲೂ ಹಲವು ಸಲ ನಿಷೇಧ ಬಂತು, ಹೋಯ್ತು. ಸಾಪ್ಮಿಯಲ್ಲಿ ಕಾಫಿ ಬೇರೂರಿದ್ದು 19ನೇ ಶತಮಾನದಲ್ಲಿ. ಅದೇ ಹೊತ್ತಿಗೆ, 1840ರ ದಶಕದಲ್ಲಿ, ಲಾರ್ಸ್ ಲೆವಿ ಲೆಸ್ತಾಡಿಯುಸ್ ಅನ್ನೋ ಪಾದ್ರಿ ಹೆಂಡದ ವಿರುದ್ಧ ದೊಡ್ಡ ಚಳವಳಿ ಎಬ್ಬಿಸಿದ. ಆತ ಒಳ್ಳೇ ಸಸ್ಯವಿಜ್ಞಾನಿ ಕೂಡ. ವ್ಯಾಪಾರಿಗಳ ಹೆಂಡದಿಂದ ಹಾಳಾಗ್ತಿದ್ದ ಎಷ್ಟೋ ಸಂಸಾರಗಳು ಕುಡಿತ ಬಿಟ್ವು. ಬಂದವರಿಗೆ ಕೊಡೋ ಮರ್ಯಾದೆ ಕಾಫಿ ಆಯ್ತು. ಬೀಜ ಇಡೋಕೆ ಸಾರಂಗದ ಚರ್ಮದ ಚೀಲ, ಕುಡಿಯೋಕೆ ಗುಕ್ಸಿ. ಕಾಫಿಗೆ ಸ್ವಲ್ಪ ಉಪ್ಪು ಹಾಕೋರುಂಟು, ಗಿಣ್ಣದ ತುಂಡು ಹಾಕಿ ಮೆತ್ತಗಾದ ಮೇಲೆ ತಿನ್ನೋರುಂಟು, ಒಣ ಮಾಂಸದ ಚೂರು ಹಾಕೋರೂ ಉಂಟು. ಒಂದು ಕಾಫಿ ಗಿಡವೂ ಬೆಳೆಯದ ಫಿನ್ಲೆಂಡ್ ಇವತ್ತು ತಲೆಲೆಕ್ಕದಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಕಾಫಿ ಕುಡಿಯೋ ದೇಶಗಳ ಸಾಲಿನಲ್ಲಿದೆ.

ಗಡಿ ಬಂತು, ಬರ್ಚ್ ಕಳೆಯಾಯ್ತು

1751ರಲ್ಲಿ ಸ್ವೀಡನ್ ಮತ್ತು ಆಗಿನ ಡೆನ್ಮಾರ್ಕ್–ನಾರ್ವೆ ಗಡಿ ಹಾಕಿಕೊಂಡಾಗ ಒಪ್ಪಂದಕ್ಕೆ ಒಂದು ಅನುಬಂಧ ಸೇರಿಸಿದ್ರು. ಸಾಮಿಗಳು ಹಿಂಡಿನ ಜೊತೆ ಹಿಂದಿನ ಹಾಗೇ ಗಡಿ ದಾಟಬಹುದು ಅಂತ. ಆ ಒಳ್ಳೇತನ ಎಲ್ಲಾ ಕಡೆ ಉಳೀಲಿಲ್ಲ. ಫಿನ್ಲೆಂಡ್ ರಷ್ಯಾದ ಕೈಲಿದ್ದಾಗ 1852ರಲ್ಲಿ ನಾರ್ವೆ ಕಡೆಯ ಗಡಿ ಮುಚ್ಚಿತು, 1889ರಲ್ಲಿ ಸ್ವೀಡನ್ ಕಡೆಯದ್ದೂ ಮುಚ್ಚಿತು. 1919ರಲ್ಲಿ ನಾರ್ವೆ, ಸ್ವೀಡನ್ ಹೊಸ ಒಪ್ಪಂದ ಮಾಡಿಕೊಂಡು ದಾಟೋ ಹಿಂಡಿನ ಸಂಖ್ಯೆಗೆ ಮಿತಿ ಹಾಕಿದ್ವು. ಉತ್ತರದ ಎಷ್ಟೋ ಸಂಸಾರಗಳನ್ನ ಬಲವಂತವಾಗಿ ದಕ್ಷಿಣಕ್ಕೆ ಎಬ್ಬಿಸಿದ್ರು. ನಾವು ಮುಳುಗಡೆ ಊರುಗಳ ಜನರನ್ನ ಕಂಡವರು, ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಯಾವ ತಿರುವಿನ ಯಾವ ಮರದಲ್ಲಿ ಒಳ್ಳೇ ಗಂಟಿದೆ ಅನ್ನೋದು ಅಜ್ಜ ಅಪ್ಪಂದಿರ ಜೊತೆ ನಡೆದು ಕಲಿಯೋ ವಿದ್ಯೆ. ನಡೆಯೋ ದಾರಿಯೇ ತಪ್ಪಿದ್ರೆ ಆ ವಿದ್ಯೆಯೂ ತಪ್ಪುತ್ತೆ.

ಆಮೇಲೆ 20ನೇ ಶತಮಾನದ ಅರಣ್ಯ ಉದ್ಯಮ. ಸ್ವೀಡನ್‌ನ ಉತ್ತರದಲ್ಲಿ ಕಾಡನ್ನ ಬೋಳು ಕಡಿದು ಪೈನ್, ಸ್ಪ್ರೂಸ್ ಬೆಳೆಸೋಕೆ ಹೊರಟರು. ಕಡಿದ ಜಾಗದಲ್ಲಿ ಮೊದಲು ಏಳೋದು ಬರ್ಚ್. ಉದ್ಯಮದ ಲೆಕ್ಕದಲ್ಲಿ ಅದು ಕಳೆ. 1950ರಿಂದ 70ರ ದಶಕದವರೆಗೆ ಆ ಪೊದೆಗಳನ್ನ ಸಾಯಿಸೋಕೆ ವಿಮಾನದಿಂದ ಕಳೆನಾಶಕ ಹೊಡೆದ್ರು. ಯಾವ ಔಷಧಿ ಅಂದ್ಕೊಂಡ್ರಿ? ನಮ್ಮ ಅಂಗಡಿಗಳಲ್ಲಿ ಈಗಲೂ ಸಿಗೋ 2,4-ಡಿ, ಅದರ ಜೊತೆ ಅದಕ್ಕಿಂತ ಕೆಟ್ಟದಾದ 2,4,5-ಟಿ. ಮೇವು, ಕಾಡಿನ ಹಣ್ಣು ಎಲ್ಲದರ ಮೇಲೂ ಬಿತ್ತು. ಹಿಮಸಾರಂಗ ಸಾಕೋರು, ಊರಿನವರು ಗಲಾಟೆ ಎಬ್ಬಿಸಿದ್ರು. 1977ರಲ್ಲಿ 2,4,5-ಟಿ ನಿಷೇಧ ಆಯ್ತು. ಒಬ್ಬರಿಗೆ ಬಟ್ಟಲು ಕೊಡೋ ಮರ, ಇನ್ನೊಬ್ಬರಿಗೆ ವಿಮಾನ ಕಳಿಸಿ ಸಾಯಿಸಬೇಕಾದ ಕಳೆ. ಹಲಸಿನ ಗಂಟನ್ನ ಒಲೆಗೆ ಅಂದಾಗ ನಾನೂ ಸರಿ ಅಂದಿದ್ದೆನಲ್ಲ, ಇದನ್ನ ಓದುವಾಗ ಅದು ನೆನಪಾಯ್ತು.

ಕೈ ಬಿಡದ ಜನ

ಇಷ್ಟಾದರೂ ಕೆಲಸ ಸಾಯಲಿಲ್ಲ. 1942ರಲ್ಲಿ ಶುರುವಾದ, ಈಗ ಯೊಕ್‌ಮೊಕ್‌ನಲ್ಲಿರೋ ಸಾಮಿಗಳ ಶಾಲೆ ಇವತ್ತಿಗೂ ದುವೋಜಿ ಕಲಿಸುತ್ತೆ. ಪ್ರವಾಸಿಗರು ಬರೋಕೆ ಶುರುವಾದ ಮೇಲೆ ಯಂತ್ರದಲ್ಲಿ ಮಾಡಿದ ನಕಲಿ ಬಟ್ಟಲುಗಳು ಅಂಗಡಿ ತುಂಬಿದ್ವು. ಅದಕ್ಕೆ 1982ರಲ್ಲಿ ಸಾಮಿ ಕೌನ್ಸಿಲ್ ದುವೋಜಿಗೆ ಒಂದು ಮುದ್ರೆ ತಂತು. ಸಾಮಿ ಕೈಯಿಂದಲೇ ಆದ ಕೆಲಸಕ್ಕೆ ಮಾತ್ರ ಆ ಗುರುತು. ನನ್ನ ಸೀಳಿದ ಬಟ್ಟಲನ್ನ ತಿರುಗಿಸಿ ನೋಡಿದೆ. ಮುದ್ರೆ ಇರಲಿಲ್ಲ.

ಗಂಟು ಯಾರು ತಗೋಬಹುದು ಅನ್ನೋದಕ್ಕೂ ಕಾನೂನು ಇದೆ. ಸ್ವೀಡನ್‌ನಲ್ಲಿ ಯಾರು ಬೇಕಾದರೂ ಯಾರ ಕಾಡಲ್ಲಾದರೂ ನಡೆಯಬಹುದು, ಹಣ್ಣು, ಅಣಬೆ ಕೀಳಬಹುದು. ಬೆಳೆದು ನಿಂತ ಮರಕ್ಕೆ ಮಾತ್ರ ಕೈ ಹಾಕೋ ಹಾಗಿಲ್ಲ, ಮಾಲೀಕರ ಒಪ್ಪಿಗೆ ಬೇಕು. ಆದರೆ 1971ರ ಹಿಮಸಾರಂಗ ಸಾಕಣೆ ಕಾಯ್ದೆಯಲ್ಲಿ ಒಂದು ಕಲಮು ಇದೆ. ಸಾಮಿಗಳ ಮೇವು ಸಂಘದ ಸದಸ್ಯರು ತಮ್ಮ ಮೇವಿನ ಪ್ರದೇಶದಲ್ಲಿ ಸ್ವಂತ ಬಳಕೆಗೆ ಉರುವಲು ಮತ್ತು ಕೈಕೆಲಸದ ಮರ ತಗೋಬಹುದು, ಷರತ್ತುಗಳ ಜೊತೆ. ಕೈಕೆಲಸದ ಮರ ಅನ್ನೋ ಮಾತು ಕಾಯ್ದೆ ಪುಸ್ತಕದಲ್ಲೇ ಇರೋದು ನನಗೆ ಬಹಳ ಹಿಡಿಸ್ತು. ಸಂಕಟ ಏನಂದ್ರೆ ಸಾಮಿಗಳಲ್ಲಿ ಹೆಚ್ಚಿನವರು ಅಂಥ ಸಂಘದ ಸದಸ್ಯರೇ ಅಲ್ಲ. ಸಾರಂಗ ಬಿಟ್ಟವರ ಮಗನಿಗೆ ಅಜ್ಜನ ಉಳಿ ಉಳಿದಿರುತ್ತೆ, ಅಜ್ಜನ ಗಂಟಿನ ಮೇಲೆ ಹಕ್ಕು ಉಳಿದಿರಲ್ಲ.

2020ರ ಜನವರಿ 23ರಂದು ಸ್ವೀಡನ್ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಗಿರ್ಯಾಸ್ ಅನ್ನೋ ಮೇವು ಸಂಘ ಸರ್ಕಾರದ ಮೇಲೆ ಕೇಸು ಹಾಕಿತ್ತು. ತಮ್ಮ ಪ್ರದೇಶದಲ್ಲಿ ಸಣ್ಣ ಬೇಟೆ, ಮೀನುಗಾರಿಕೆಗೆ ಅನುಮತಿ ಕೊಡೋ ಹಕ್ಕು ಯಾರದ್ದು ಅಂತ. ಆ ಹಕ್ಕು ಸಂಘದ್ದೇ, ಸರ್ಕಾರದ್ದಲ್ಲ ಅಂತ ಕೋರ್ಟು ಹೇಳ್ತು. ಆಧಾರ ಯಾವುದು? ಕಾಯ್ದೆ ಅಲ್ಲ. ಅನಾದಿ ಕಾಲದಿಂದ ಬಂದ ಅನುಭೋಗ. ಹಳೇ ದಾಖಲೆಗಳನ್ನ ತೆಗೆದು, ಇವರು ಇಲ್ಲಿ ಬೇಟೆ, ಮೀನು ಮಾಡ್ಕೊಂಡು ಬಂದಿದ್ದಾರೆ, ಸರ್ಕಾರವೂ ಒಪ್ಪಿಕೊಂಡು ಬಂದಿತ್ತು ಅಂತ ನೋಡಿ ತೀರ್ಮಾನ ಮಾಡಿದ್ರು. ತೀರ್ಪು ಬಟ್ಟಲಿನ ಬಗ್ಗೆ ಅಲ್ಲ ನಿಜ. ಆದರೆ ಬಳಸಿಕೊಂಡು ಬಂದದ್ದೇ ಹಕ್ಕಿಗೆ ಬುಡ ಅನ್ನೋ ಮಾತು ದೊಡ್ಡದು. ಸೊಪ್ಪಿನಬೆಟ್ಟ, ಕುಮ್ಕಿ, ಬಾಣೆ ಅಂತ ತಾಲ್ಲೂಕು ಕಚೇರಿಗೆ ಅಲೆದ ಯಾರಿಗೂ ಈ ಭಾಷೆ ಹೊಸದಲ್ಲ. ಬಳಸಿದ್ದಕ್ಕೆ ಗುರುತು, ರಸೀದಿ, ದಾಖಲೆ ಇಟ್ಟುಕೊಳ್ಳಿ ಅನ್ನೋ ಪಾಠ ನಾನು ಇದರಿಂದ ತಗೊಂಡೆ. ನೂರಾರು ವರ್ಷದ ಹಿಂದೆ ಬರೆದಿಟ್ಟ ಕಾಗದ 2020ರಲ್ಲಿ ಕೆಲಸಕ್ಕೆ ಬಂತು.

ನಮ್ಮ ಹಲಸಿನ ಗಂಟು

ನಮ್ಮೂರ ಆಚಾರ್ರಿಗೆ ಗಂಟು ತೋರಿಸಿದೆ. ತಿರುಗಿಸಿ ನೋಡಿ, "ನಮ್ಮಪ್ಪ ಇದ್ದಿದ್ರೆ ಇದನ್ನ ಮರಿಗೆ ಮಾಡೋರು. ಮೊದ್ಲು ಕೆರೆ ಕೆಸರಲ್ಲಿ ಹೂತಿಡೋರು" ಅಂದ್ರು. ಅಂದರೆ ನಮ್ಮಲ್ಲೂ ಗಂಟಿನ ಬೆಲೆ ಬಲ್ಲವರು ಇದ್ದರು, ಸ್ಟೀಲ್ ಪಾತ್ರೆ ಬಂದ ಮೇಲೆ ಕೇಳೋರಿಲ್ಲದೆ ಬಿಟ್ಟರು. ಇಬ್ಬರೂ ಸೇರಿ ಗಂಟನ್ನ ಎರಡು ಹೋಳು ಮಾಡಿದ್ವಿ. ಅವರು ಉಳಿ ಹಿಡಿದ್ರು, ನಾನು ಕೊಡತಿ ಹಿಡಿದೆ. ಬಚ್ಚಲ ಹಂಡೆಯಲ್ಲಿ ಉಪ್ಪು ಹಾಕಿ ಕುದಿಸಿದ್ರೆ ನೀರೆಲ್ಲ ಅರಿಶಿನ ಕಲಸಿದ ಹಾಗೆ ಹಳದಿ. ಹಲಸಿನ ಬಣ್ಣ. ಮನೆಯವಳು ಬೈದಿದ್ದು ಇಲ್ಲಿ ಬರೆಯಲ್ಲ.

ಮೊದಲನೇ ಬಟ್ಟಲು ಹತ್ತೇ ದಿನಕ್ಕೆ ತಳದಲ್ಲಿ ಬಿರೀತು. ತಪ್ಪು ನನ್ನದು. ಇನ್ನೂ ತೋಡೋಣ ಅಂದ್ರು ಆಚಾರ್ರು, ಗಟ್ಟಿ ಇರ್ಲಿ ಅಂತ ನಾನೇ ತಳ ದಪ್ಪ ಬಿಡಿಸಿದ್ದೆ. ಎರಡನೇದನ್ನ ಅವರು ಹೇಳಿದಷ್ಟೇ ತೆಳು ಮಾಡಿ, ಅದರದ್ದೇ ಚಕ್ಕೆ ಹೊಟ್ಟಿನ ಜೊತೆ ಗೋಣಿಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದೀವಿ. ಪ್ರತಿ ಭಾನುವಾರ ತೆಗೆದು ತಕ್ಕಡಿಗೆ ಇಡ್ತೀನಿ. ತೂಕ ಇಳಿಯೋದು ನಿಂತಾಗ ಒಣಗಿತು ಅಂತ ಲೆಕ್ಕ. ಇದನ್ನ ನಾನು ಗುಕ್ಸಿ ಅಂತ ಕರೆಯಲ್ಲ, ಆ ಹೆಸರು ಅವರದ್ದು. ಇದು ಆಚಾರ್ರ ಹಲಸಿನ ಬಟ್ಟಲು.

ನಿಮ್ಮ ತೋಟದಲ್ಲಿ ಬಿದ್ದ ಮರದಲ್ಲಿ ಗಂಟಿದ್ದರೆ ಒಲೆಗೆ ಹಾಕೋ ಮುಂಚೆ ಊರಿನ ಆಚಾರ್ರಿಗೆ ಒಂದು ಸಲ ತೋರಿಸಿ. ಮನೆ ಅಟ್ಟದಲ್ಲಿ ಹಳೇ ಮರಿಗೆ ಇದ್ದರೆ ಯಾವ ಮರದ್ದು, ಹೇಗೆ ಹದ ಮಾಡ್ತಿದ್ರು ಅಂತ ಹಿರಿಯರನ್ನ ಕೇಳಿ ಬರೀರಿ. ಈ ಭಾನುವಾರ ನಮ್ಮ ಬಟ್ಟಲು ಹೋದ ವಾರಕ್ಕಿಂತ 4 ಗ್ರಾಂ ಕಮ್ಮಿ ತೂಗಿತು. ಇನ್ನೂ ಒಣಗಬೇಕು.